ಕೊನೆಯ ಕಂತಿನಲ್ಲಿ ಬದಲಾದ ಗಂಡ

ಮೊನ್ನೆ ಹಗರಿಬೊಮ್ಮನಹಳ್ಳಿಯ ತಂಗಿಯ ಮನೆಯಲ್ಲಿ ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದರು. ನೀರು ಚಿಮುಕಿಸಿದ ಕಾಯಿಯ ಆ ಮಣ್ಣುವಾಸನೆ ಮೂಗಿಗೆ ಬಡಿದದ್ದೇ ತಡ, ಕೊಟ್ಟೂರಿನ ನಮ್ಮ ಪಕ್ಕದ ಮನೆಯ ಅಕ್ಕ ಕಣ್ಣ ಮುಂದೆ ಬಂದಳು. ಹಿಂದೆಯೇ ಸಿಟ್ಟೂ ಬಂತು.

ಅದು ತೊಂಬತ್ತರ ದಶಕ. ಯಂತ್ರಕ್ಕೆ ಹಾಕಿದರೆ ಬಿತ್ತನೆ ಬೀಜ ಒಡೆಯುತ್ತದೆಂದು ಓಣಿಯ ಹೆಂಗಸರು ಅಕ್ಕನ ಪಡಸಾಲೆಯಲ್ಲಿ ಕೂತು ಕೈಯಲ್ಲೇ ಸುಲಿಯುತ್ತಿದ್ದರು. ಅಕ್ಕ ವಾರಪತ್ರಿಕೆಯ ಧಾರಾವಾಹಿ ಓದಬೇಕು, ಅವಳ ಪಾಲಿನ ಕಾಯಿಯನ್ನು ಉಳಿದವರು ಸುಲಿಯಬೇಕು. ಕಥೆಯ ನಾಯಕಿ ಗಂಡನ ಹೊಡೆತ ತಿಂದೂ ತುಟಿ ಬಿಚ್ಚದವಳು. ಕೊನೆಯ ಕಂತಿನಲ್ಲಿ ಗಂಡ ಅವಳ ಕಾಲು ಹಿಡಿದು ಅತ್ತ. ಪಡಸಾಲೆಗೆ ಪಡಸಾಲೆಯೇ ಸೆರಗಿನಿಂದ ಕಣ್ಣೊರೆಸಿಕೊಂಡಿತು. ನನ್ನಜ್ಜಿ ಮಾತ್ರ ಸಿಡುಕಿದಳು: “ಇದನ್ನ ಬರದಾತ ಒಂದಿನ ಆದ್ರೂ ಏಟು ತಿಂದಾನೇನು? ಸುಡ್ಲಿ ಅವನ ಕಥಿ!”

ಅಕ್ಕನ ಮೈಮೇಲಿನ ಬಾಸುಂಡೆ ಓಣಿಗೆಲ್ಲ ಗೊತ್ತಿತ್ತು. ಆ ವಾರವೇ ಅವಳ ತವರು ತೆಲಿಗಿಯಿಂದ ಅಣ್ಣ ಬಂದು, “ಕೂಸಿನ ಎತ್ಗ್ಯಂಡು ನಡಿಯವ್ವ, ಇನ್ನ ಸಾಕು” ಎಂದ. ಅಕ್ಕ ಜಗ್ಗಲಿಲ್ಲ.

“ಆಕಿ ತಾಳಿದ್ಲು, ಗಂಡ ಬದಲಾದ. ಈತನೂ ಬದಲಾಗ್ತಾನಣ್ಣ. ನೀ ಹೋಗು.”

“ಯಾರು ಆಕಿ? ಯಾವ ಓಣಿಯಾಕಿ?” ಎಂದ, ಪಾಪ, ಓದುಬರಹ ಬಾರದ ಅಣ್ಣ.

ಮುಂದಿನ ಬಿತ್ತನೆಯ ಹೊತ್ತಿಗೆ ಅಕ್ಕ ಇರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದಳು ಎಂದ ಆ ಪಾಪಿ. ನಂಬಿದವರು ಯಾರೂ ಇಲ್ಲ, ಬಾಯಿ ಬಿಟ್ಟವರೂ ಇಲ್ಲ...

ಕೊಂದವನು ಅವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲಿಗೆ ಬಂದ ಅಣ್ಣನನ್ನು ವಾಪಸು ಕಳಿಸಿದ್ದು ಆ ಕಥೆ. ಅದನ್ನು ಬರೆದ ಮಹಾಶಯರು ವರ್ಷಗಳ ಮೇಲೆ ನಮ್ಮ ಕಾಲೇಜಿಗೆ ಭಾಷಣಕ್ಕೆ ಬಂದಾಗ ಎದ್ದು ನಿಂತು ಎಲ್ಲ ಹೇಳಿದೆ. “ಅದು ಬರೀ ಪಾತ್ರ ಕಣಮ್ಮ, ಹಾಗೇ ಬದುಕಿ ಅಂತ ನಾನು ಹೇಳಿದೆನೇ?” ಎಂದು ನಕ್ಕರು. ಮೇಜಿನ ಮೇಲೆ ಮಾರಾಟಕ್ಕಿಟ್ಟ ಅದೇ ಕಾದಂಬರಿಯ ಹಿಂಬದಿಯಲ್ಲಿ ಅಚ್ಚಾಗಿತ್ತು: ‘ಪ್ರತಿ ಹೆಣ್ಣಿಗೂ ಮಾದರಿಯಾಗುವ ನಾಯಕಿ’. ಮಾರುವಾಗ ಮಾದರಿ, ಕೇಳಿದರೆ ಬರೀ ಪಾತ್ರ! ಥೂ, ನಾಚಿಕೆಯಾದರೂ ಬೇಡವೇ?

ಅಕ್ಕನ ಮಗಳು ತೆಲಿಗಿಯಲ್ಲಿ ಮಾವನ ಮನೆಯಲ್ಲೇ ಬೆಳೆದಳು. ಈಗ ಅವಳಿಗೂ ಒಂದು ಕೂಸಿದೆ. ಮೊನ್ನೆ ತಂಗಿಯ ಮನೆಯಿಂದಲೇ ಸಂಜೆ ಮನಸ್ಸು ತಡೆಯದೆ ಅವಳಿಗೆ ಫೋನು ಮಾಡಿದೆ. ಅದೂ ಇದೂ ಮಾತಾಡುತ್ತ ಒಮ್ಮೆಲೇ ಕೇಳಿದಳು: “ಚಿಗವ್ವ, ಮಾವ ಕರಿಯಾಕ ಬಂದಿದ್ನಂತಲ್ಲ. ನಮ್ಮವ್ವ ಯಾಕ ಬರಲಿಲ್ಲ?”

ಒಂದು ಕಥೆಯನ್ನು ನಂಬಿದಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳುವುದಾದರೆ ಆ ಮಹಾಶಯರೇ ಬಂದು ಹೇಳಲಿ.