ಟೀಚರ್ ತೆಗೆಸಿದ ಎರಡು ಅಲ್ಪವಿರಾಮ

ಬಸವರಾಜೇಶ್ವರಿ ಟೀಚರ್ ಆಂಧ್ರದ ಗಡಿಯಲ್ಲಿನ ಗುಡಿಬಂಡೆ ಕಡೆಯ ಕನ್ನಡ ಮೀಡಿಯಂ ಹೈಸ್ಕೂಲಿಗೆ ಇಂಗ್ಲಿಷ್ ಪಾಠಕ್ಕೆಂದು ಬಂದು ಹನ್ನೊಂದು ವರ್ಷವಾಗಿತ್ತು. ಹುಟ್ಟೂರು ರಾಯದುರ್ಗ. ಆ ಕಡೆಯ ‘ಬರ್ರಿ, ಕುಂದರ್ರಿ’ ಬಾಯಿಂದ ಹೋಗಿರಲೇ ಇಲ್ಲ. ಮಡಕಶಿರಾ ಸೀಮೆಯ ಮಕ್ಕಳು ಮೊದಮೊದಲು ಅದನ್ನು ಕೇಳಿ ಮುಸಿಮುಸಿ ನಗುತ್ತಿದ್ದರು. ನಗುವ ಮಕ್ಕಳು ನಿದ್ದೆ ಮಾಡುವುದಿಲ್ಲವೆಂದು ಟೀಚರ್ ಸುಮ್ಮನಿದ್ದರು.

ಶಾಲೆ ಬಿಟ್ಟು ಹೋದವರಿಗೂ ನೆನಪಿರುತ್ತಿದ್ದದ್ದು ಅವರ ‘ಹೂ’ ಪಾಠ. ಇಂಗ್ಲಿಷಿನ ‘ಹೂ’ ಎಂದರೆ ‘ಯಾರು’ ಎಂದು ಮಕ್ಕಳಿಗೆ ಗೊತ್ತಿತ್ತು. ಅದೇ ಪದ ಗುಂಪಿನೊಳಗಿಂದ ಕೆಲವರನ್ನು ಬೇರೆ ಮಾಡಿ ತೋರಿಸುತ್ತದೆ ಎಂಬುದು ಮಾತ್ರ ತಲೆಗೆ ಹೋಗುತ್ತಿರಲಿಲ್ಲ. ಕನ್ನಡದಲ್ಲಿ ‘ಕುರಿ ಸಾಕುವ ಮಕ್ಕಳು’ ಎಂದು ಗುರುತು ಮೊದಲು, ಮಕ್ಕಳು ಆಮೇಲೆ. ಇಂಗ್ಲಿಷಿನಲ್ಲಿ ಮಕ್ಕಳನ್ನು ಮೊದಲು ನಿಲ್ಲಿಸಿಕೊಂಡು, ‘ಹೂ’ ಎಂದು, ಗುರುತನ್ನು ಆಮೇಲೆ ಹೇಳಬೇಕು. ಮಕ್ಕಳನ್ನೇ ಎಬ್ಬಿಸಿ ಕೂರಿಸಿ ಟೀಚರ್ ಅದನ್ನು ಕಲಿಸುತ್ತಿದ್ದರು. ಕುರಿ ಸಾಕುವ ಮಕ್ಕಳು ಎಂದು ಇಂಗ್ಲಿಷಿನಲ್ಲಿ ಬರೆದರೆ ಆ ಐದಾರು ಜನ ಏಳಬೇಕು. ಆಮೇಲೆ ‘ಹೂ’ಗಿಂತ ಮುಂಚೆ ಒಂದು, ಗುರುತು ಮುಗಿದಲ್ಲಿ ಇನ್ನೊಂದು ಅಲ್ಪವಿರಾಮ ಹಾಕುತ್ತಿದ್ದರು. ಆಗ ಇಡೀ ತರಗತಿ ಏಳಬೇಕು, ಏಕೆಂದರೆ ಈಗ ಅದು ಕೆಲವರ ಗುರುತಲ್ಲ, ಎಲ್ಲರ ಮೇಲೂ ಹೊರಿಸಿದ ಮಾತು. ಮನೆಯಲ್ಲಿ ಒಂದು ಕುರಿಯೂ ಇಲ್ಲದವರು ಎದ್ದು ನಿಂತು, ಇದು ಸುಳ್ಳು ಮೇಡಂ ಎಂದು ತಕರಾರು ತೆಗೆಯುತ್ತಿದ್ದರು. ಆ ತಕರಾರು ಬಂದ ದಿನವೇ ಪಾಠ ಮುಗಿದಂತೆ.

ಹೋದ ವರ್ಷ ಒಂದು ಟ್ರಸ್ಟಿನವರು ಹತ್ತನೇ ತರಗತಿಯವರಿಗೆ ಇಂಗ್ಲಿಷ್ ಪರೀಕ್ಷೆ ಇಡಲು ಹೊರಟರು. ಪ್ರಶ್ನೆಪತ್ರಿಕೆಯಲ್ಲಿ ಎರಡು ಬಗೆ. ದೊಡ್ಡ ಪತ್ರಿಕೆಯಲ್ಲಿ ಗೆದ್ದವರ ಕಾಲೇಜು ಓದನ್ನು ಟ್ರಸ್ಟು ನೋಡಿಕೊಳ್ಳುತ್ತದೆ, ಚಿಕ್ಕದನ್ನು ಬರೆದವರಿಗೆ ಒಂದು ಸರ್ಟಿಫಿಕೇಟು ಅಷ್ಟೇ. ಮಡಕಶಿರಾದಲ್ಲಿ ಟೀಚರುಗಳ ಸಭೆ ಕರೆದು, ಟ್ರಸ್ಟಿನ ಉಮಾಮಹೇಶ್ವರ ಎಂಬುವವರು ಇಂಗ್ಲಿಷ್ ಸುತ್ತೋಲೆಯ ಕರಡು ಹಂಚಿದರು.

ಮೂರನೇ ಸಾಲಿಗೆ ಬಂದಾಗ ಬಸವರಾಜೇಶ್ವರಿಯವರ ಕಣ್ಣು ನಿಂತಿತು. ಇಂಗ್ಲಿಷ್ ಕಷ್ಟವಾಗುವ ಕನ್ನಡ ಮೀಡಿಯಂ ಮಕ್ಕಳು ಚಿಕ್ಕ ಪತ್ರಿಕೆ ಬರೆಯಬೇಕು ಎಂದಿತ್ತು. ಆದರೆ ‘ಹೂ’ ಎಂದು ಶುರುವಾಗುವ ತುಂಡಿನ ಎರಡೂ ಕಡೆ ಅಲ್ಪವಿರಾಮ. ಅಂದರೆ ಕನ್ನಡ ಮೀಡಿಯಂ ಮಕ್ಕಳೆಲ್ಲರಿಗೂ ಇಂಗ್ಲಿಷ್ ಕಷ್ಟ, ಹಾಗಾಗಿ ಎಲ್ಲರಿಗೂ ಚಿಕ್ಕ ಪತ್ರಿಕೆಯೇ.

ಕಾಲೇಜಿನ ಮೊದಲ ದಿನ ಅವರಿಗೆ ನೆನಪಾಯಿತು. ಕನ್ನಡ ಮೀಡಿಯಂನವರೆಲ್ಲ ಹಿಂದಿನ ಬೆಂಚಿಗೆ ಹೋಗಿ ಎಂದು ಮೇಷ್ಟರು ಹೇಳಿದ್ದರು. ಅಂದು ಅವರು ಪುಸ್ತಕ ಎತ್ತಿಕೊಂಡು ಹೋಗಿ ಕೂತಿದ್ದರು, ಮೂರು ವರ್ಷ ಅಲ್ಲೇ ಕೂತಿದ್ದರು. ಇಂದು ಎದ್ದು ನಿಂತರು.

ಉಮಾಮಹೇಶ್ವರ ಅವರೂ ರಾಯದುರ್ಗದವರೇ ಎಂದು ಮಾತಿನಲ್ಲೇ ಗೊತ್ತಾಗಿತ್ತು. ಹಾಗಾಗಿ ಸಲಿಗೆಯಿಂದಲೇ ಕೇಳಿದರು.

“ಸರ್, ನಿಮಗ ತಂಗಿದೇರು ಎಷ್ಟು ಮಂದಿ ಅದಾರ್ರಿ?”

“ಇಬ್ಬರು ಅದಾರ. ಯಾಕ್ರಿ?”

“ರಾಯದುರ್ಗದಾಗ ಇರೋ ತಂಗಿ ಅಂತ ಇಂಗ್ಲಿಷಿನ್ಯಾಗ ಬರದ್ರ, ಇಬ್ಬರಾಗ ಆಕಿ ಒಬ್ಬಾಕೀನ ತೋರಿಸಿದಂಗ. ಅದಕ್ಕ ಕಾಮಾ ಹಾಕಿದ್ರ, ನಿಮಗ ಇರಾಕೀನ ಒಬ್ಬಾಕಿ ತಂಗಿ ಅಂದಂಗ ಆಗ್ತದ. ಇನ್ನೊಬ್ಬಾಕಿ ಇಲ್ಲದಂಗ ಆದ್ಲು. ಈ ಮೂರನೇ ಸಾಲಿನ್ಯಾಗ ಇಂಗ್ಲಿಷ್ ಬರೋ ನನ್ನ ಮಕ್ಕಳೂ ಇಲ್ಲದಂಗ ಆಗ್ಯಾರ.”

ಸಭೆಯಲ್ಲಿ ಕೆಲವರು ನಕ್ಕರು. ಉಮಾಮಹೇಶ್ವರ ನಗಲಿಲ್ಲ, ಒಪ್ಪಲೂ ಇಲ್ಲ. ಗಡಿಯ ಕಡೆ ಮಕ್ಕಳಿಗೆ ಹಗುರಾಗಲಿ ಎಂದೇ ಹಾಗೆ ಬರೆದದ್ದು, ದೊಡ್ಡ ಪತ್ರಿಕೆ ಬರೆಯುವಂಥವರು ಆ ಕಡೆ ಎಷ್ಟು ಮಂದಿ ಸಿಕ್ಕಾರು ಎಂದು ಮೆತ್ತಗೆ ಕೇಳಿದರು. ಬಂದು ನೋಡಿರಿ ಎಂದಷ್ಟೇ ಹೇಳಿ ಟೀಚರ್ ಕುಳಿತರು.

ನಾಲ್ಕನೇ ದಿನ, ಮುನ್ಸೂಚನೆಯಿಲ್ಲದೆ, ಉಮಾಮಹೇಶ್ವರ ಶಾಲೆಗೆ ಬಂದೇಬಿಟ್ಟರು. ಸೀಮೆಸುಣ್ಣ ಕೇಳಿ ತೆಗೆದುಕೊಂಡು ತಮ್ಮ ಸುತ್ತೋಲೆಯ ಅದೇ ಸಾಲನ್ನು ಬೋರ್ಡಿನ ಮೇಲೆ ಬರೆದರು, ಅಲ್ಪವಿರಾಮ ಎರಡನ್ನೂ ಬಿಡದೆ. ಇದರ ಅರ್ಥ ಯಾರು ಹೇಳುತ್ತೀರಿ ಎಂದರು. ಟೀಚರ್ ಕಿಟಕಿಯ ಹತ್ತಿರ ನಿಂತಿದ್ದರು. ಸಭೆಯ ವಿಷಯವನ್ನು ಅವರು ಮಕ್ಕಳಿಗೆ ಹೇಳಿಯೇ ಇರಲಿಲ್ಲ.

ಮೂರನೇ ಬೆಂಚಿನಿಂದ ಶೃತಿ ಎದ್ದಳು. ಹಿಪ್ಪುನೇರಳೆ ಬೆಳೆಯುವ ಮನೆಯ ಹುಡುಗಿ, ಬೆಳಿಗ್ಗೆ ರೇಷ್ಮೆಹುಳುವಿಗೆ ಸೊಪ್ಪು ಹಾಕಿಯೇ ಶಾಲೆಗೆ ಬರುವವಳು. ಬೋರ್ಡನ್ನು ಎರಡು ಸಲ ಓದಿಕೊಂಡಳು.

“ಇದ್ರಲ್ಲಿ ನಾವು ಅಷ್ಟೂ ಜನ ಸೇರ್ಕೊಂಡ್ವಿ ಸಾರ್. ಕಾಮಾ ಇಲ್ದಿದ್ರೆ ಕಷ್ಟ ಆಗೋರು ಮಾತ್ರ ಸೇರ್ತಿದ್ರು.” ಸ್ವಲ್ಪ ತಡೆದು ಸೇರಿಸಿದಳು: “ಇದನ್ನ ಬರ್ದೋರಿಗೆ ನಮ್ಮಲ್ಲಿ ಒಬ್ರೂ ಗೊತ್ತಿಲ್ಲ ಅನ್ಸುತ್ತೆ.”

ಬರೆದವರು ಎದುರಿಗೇ ನಿಂತಿದ್ದಾರೆಂದು ಅವಳಿಗೆ ತಿಳಿದಿರಲಿಲ್ಲ. ಉಮಾಮಹೇಶ್ವರ ಬೋರ್ಡಿನ ಕಡೆ ತಿರುಗಿದರು. ನಂತರ ಒರೆಸುವ ಬಟ್ಟೆಗೂ ಕೈಹಾಕದೆ ಹೆಬ್ಬೆರಳಿನಿಂದ ಮೊದಲ ಅಲ್ಪವಿರಾಮ ಅಳಿಸಿದರು, ಆಮೇಲೆ ಎರಡನೆಯದು. ಟೀಚರ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಕಣ್ಣು ತುಂಬಿದ್ದನ್ನು ಮಕ್ಕಳು ನೋಡಬಾರದೆಂದು.

ಸುತ್ತೋಲೆ ಅಲ್ಪವಿರಾಮಗಳಿಲ್ಲದೆ ಅಚ್ಚಾಯಿತು. ಯಾವ ಪತ್ರಿಕೆ ಎಂದು ಮಕ್ಕಳೇ ಆರಿಸಿಕೊಳ್ಳಲಿ ಎಂದು ಟೀಚರ್ ಬಿಟ್ಟರು. ಇಪ್ಪತ್ತಾರರಲ್ಲಿ ಹದಿನೇಳು ಜನ ದೊಡ್ಡದನ್ನು ಬರೆದರು, ಒಂಬತ್ತು ಜನ ಚಿಕ್ಕದನ್ನು. ಚಿಕ್ಕದು ಬರೆದ ಯುವರಾಜ್, ತನಗೆ ಇನ್ನೂ ಕಷ್ಟವೇ ಎಂದು ಸಂಕೋಚವಿಲ್ಲದೆ ಹೇಳಿಕೊಂಡ. ಅದೂ ಟೀಚರಿಗೆ ಹಿಡಿಸಿತು. ದೊಡ್ಡದರಲ್ಲಿ ನಾಲ್ವರು ಗೆದ್ದರು, ಶೃತಿ ಅವರಲ್ಲೊಬ್ಬಳು.

ಫಲಿತಾಂಶ ಬಂದ ವಾರ ಶೃತಿಯ ಅಜ್ಜಿ ದೊಡ್ಡಕ್ಕ ಹಸಿ ಕಡಲೆಕಾಯಿಯ ಚೀಲ ಹೊತ್ತುಕೊಂಡು ಶಾಲೆಯ ಜಗುಲಿಗೆ ಬಂದು ಕುಳಿತರು. ಇಂಗ್ಲಿಷ್ ಹಾಗಿರಲಿ, ಕನ್ನಡದ ಅಕ್ಷರವೂ ಅವರಿಗೆ ಬಾರದು. ಏನಾಯಿತೆಂದು ಮೊಮ್ಮಗಳು ಹೇಳಿದ್ದು ಅರ್ಧವಷ್ಟೇ ತಿಳಿದಿತ್ತು, ಆದರೆ ಬೇಕಾದ ಅರ್ಧ ತಿಳಿದಿತ್ತು.

“ನಮ್ ಹುಡ್ಗಿ ಇಂಗ್ಲಿಷ್ ಬರ್ದೋರಿಗೇ ತಪ್ಪು ತೋರಿಸಿದ್ಳಂತಲ್ಲವ್ವ,” ಎಂದರು. “ನೀನು ಹೇಳ್ಕೊಟ್ಟಿದ್ದಂತೆ. ಹೌದಾ?”

ಹೌದು ಎನ್ನಲು ಬಸವರಾಜೇಶ್ವರಿ ಟೀಚರಿಗೆ ಯಾವತ್ತೂ ನಾಚಿಕೆ. ಬೇರೆ ದಿನವಾಗಿದ್ದರೆ ಹುಡುಗಿಯೇ ಜಾಣೆ ಎಂದು ಮಾತು ಹಾರಿಸಿಬಿಡುತ್ತಿದ್ದರು. ಅಂದು ಮುದುಕಿಯ ಪಕ್ಕ ಜಗುಲಿಯ ಮೇಲೆ ಕುಳಿತು, “ಹೌದ್ರಿ ಅಜ್ಜಿ, ನಾನೇ ಕಲಿಸಿದ್ದು,” ಎಂದರು.