ಮನೆಯಲ್ಲಿ ಒಪ್ಪಲಿಲ್ಲವೆಂದು ಹೇಳಿದವಳು

ಶಹನಾಜ್, ಅಂದು ಯೋಗ ಶಿಬಿರದ ಪಟ್ಟಿಯಿಂದ ನಿನ್ನ ಹೆಸರು ಹೊಡೆದು ಹಾಕಿಸಿದವಳು ನಾನು. ನಿನ್ನ ದೊಡ್ಡಪ್ಪನಲ್ಲ, ಮೋರಟಗಿಯ ಬೇರೆ ಯಾರೂ ಅಲ್ಲ — ನಾನು, ಸುನಂದಾ. ಇಷ್ಟನ್ನು ಹೇಳಲು ಏಳು ವರ್ಷ ಬೇಕಾಯಿತು.

ನನಗೆ ಯೋಗ ಕಲಿಸಿದವಳೇ ನೀನು. ಸಿಂದಗಿಯಲ್ಲಿ ಬಿ.ಎಡ್. ಓದುವಾಗ, ಹಾಸ್ಟೆಲಿನ ಮಾಳಿಗೆಯ ಮೇಲೆ, ಬಿಸಿಲು ಏರುವ ಮೊದಲು. ನನ್ನ ಬೆನ್ನ ಮೇಲೆ ಅಂಗೈ ಇಟ್ಟು, "ಉಸರು ಬಿಡು, ಯಾಕ ಹಿಡ್ಕೊಂಡಿ?" ಎನ್ನುತ್ತಿದ್ದೆ. ಓದು ಮುಗಿದ ಮೇಲೆ ನೀನು ಮೋರಟಗಿಗೆ ಹೋದೆ. ನಾನು ಗಂಡನ ಮನೆಗೆ ಹೋಗಿ, ಎರಡೇ ವರ್ಷಕ್ಕೆ ಇಂಡಿ ಊರಿನ ತವರಿಗೆ ತಿರುಗಿ ಬಂದೆ. ಅಣ್ಣನ ಮನೆಯಲ್ಲಿ ನಾನು ತಟ್ಟೆ ಇಟ್ಟರೂ ಸದ್ದು ಹೆಚ್ಚಾಗುತ್ತಿದ್ದ ದಿನಗಳವು. ತಂಗಡಗಿಯ ಹತ್ತಿರ, ಹೊಳೆಯ ದಂಡೆಯಲ್ಲಿ, ಒಂದು ತಿಂಗಳ ಯೋಗ ಶಿಕ್ಷಕರ ತರಬೇತಿ ನಡೆಯುತ್ತದೆ, ಮುಗಿಸಿದವರಿಗೆ ಶಾಲೆಗಳಲ್ಲಿ ಕೆಲಸ ಕೊಡಿಸುತ್ತಾರೆ ಎಂದು ಆಗ ಫೋನ್ ಮಾಡಿ ಹೇಳಿದವಳೂ ನೀನೇ.

ಇಬ್ಬರೂ ಅರ್ಜಿ ಹಾಕಿದೆವು. ನೀನು ಆಯ್ಕೆಯಾದೆ. ನನ್ನ ಹೆಸರು ಕಾಯುವವರ ಪಟ್ಟಿಯಲ್ಲಿ ಮೊದಲನೆಯದು — ಮೊದಲ ದಿನ ಸಂಜೆ ಐದರೊಳಗೆ ಯಾರಾದರೂ ಬಾರದಿದ್ದರೆ ಆ ಜಾಗ ನನಗೆ.

"ನೀನೂ ಬಾ. ನಾ ಕೇಳ್ತೇನಿ ಅವರನ್ನ," ಎಂದಿದ್ದೆ ನೀನು. "ಒಂದು ಚಾಪಿ ಹೆಚ್ಚಿಗಿ ಹಾಸಿದ್ರ ಅವರದೇನು ಹೋಗತೈತಿ?"

ನಿನ್ನ ದೊಡ್ಡಪ್ಪನಿಗೆ ಮನಸ್ಸಿರಲಿಲ್ಲ. ಹುಡುಗಿಯನ್ನು ತಿಂಗಳಿಡೀ ಹೊರಗೆ ಕಳಿಸುವುದು ಬೇಡವೆಂದು ತಮ್ಮನಿಗೆ ಹೇಳಿದ್ದರು. ನಿನ್ನ ಅಬ್ಬಾ ಜಗ್ಗಲಿಲ್ಲ. ತಾವೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆಂದರು. ತಮ್ಮ ಹೊಲಿಗೆಯಂತ್ರದ ಮೇಲೆ ನಿನಗೊಂದು ಬಿಳಿ ಚೂಡಿದಾರ ಹೊಲಿದರು, ನನಗೊಂದು. ಕಾಲು ಮಡಚಿದಾಗ ಬಿಗಿಯಾಗಬಾರದೆಂದು ತೊಡೆಯ ಹತ್ತಿರ ಒಂದು ತುಂಡು ಹೆಚ್ಚಿಗೆ ಸೇರಿಸಿದ್ದರು. ಹೊರಟ ದಿನ ನಾನು ತೊಟ್ಟಿದ್ದು ಅದನ್ನೇ.

ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ನಾವು ಕೂಡಬೇಕಿತ್ತು. ಮಧ್ಯಾಹ್ನ ನಿನ್ನ ಫೋನ್ ಬಂತು.

"ನಮ್ಮ ಗಾಡಿ ಹಿಪ್ಪರಗಿ ದಾಟಿ ಕೆಟ್ಟು ನಿಂತೈತಿ. ಅಬ್ಬಾ ಬ್ಯಾರೆ ಗಾಡಿ ನೋಡಾಕತ್ತಾರ. ಆ ಆಫೀಸಿನ ಫೋನ್ ಹತ್ತವಲ್ದು. ನೀ ಮುಂದ ಹೋಗು, ತಡ ಆದ್ರೂ ನಾ ಬರ್ತೇನಿ ಅಂತ ಹೇಳು. ಹೇಳ್ತಿಯಲ್ಲ?"

"ಹೇಳ್ತೇನಿ," ಎಂದೆ.

ಹೇಳಬೇಕೆಂದೇ ಹೊರಟಿದ್ದೆ. ಮುದ್ದೇಬಿಹಾಳ ಮುಟ್ಟುವತನಕ ಆ ಮಾತು ನನ್ನ ಬಾಯಲ್ಲಿತ್ತು. ಆಮೇಲೆ ಟಂಟಂ ಆಟೋದಲ್ಲಿ ಕುಳಿತು ಮತ್ತೆ ಮತ್ತೆ ಗಂಟೆ ನೋಡಿದೆ. ನಾಲ್ಕೂಕಾಲು... ನಾಲ್ಕೂವರೆ... ಯಾವ ತಿರುವಿನಲ್ಲಿ ನನ್ನ ಮನಸ್ಸು ಬದಲಾಯಿತು — ಎಷ್ಟೋ ಸಲ ಯೋಚಿಸಿದ್ದೇನೆ, ತಿಳಿದಿಲ್ಲ.

ಕಚೇರಿಯಲ್ಲಿ ಕನ್ನಡಕದ ಹೆಂಗಸೊಬ್ಬರು ಪಟ್ಟಿ ಹಿಡಿದು ಕುಳಿತಿದ್ದರು. "ನಿಮ್ಮ ಕಡಿಂದ ಶಹನಾಜ್ ಅನ್ನೋರು ಬರಬೇಕಿತ್ತಲ್ರಿ. ಏನರ ಗೊತ್ತೈತೇನ್ರಿ?"

"ಅವರು ಬರಂಗಿಲ್ರಿ," ಎಂದೆ. "ಮನ್ಯಾಗ ಒಪ್ಪಲಿಲ್ಲಂತ."

ಇಷ್ಟೇ ಶಹನಾಜ್. ಆಕೆ ಮರುಪ್ರಶ್ನೆ ಕೇಳಲಿಲ್ಲ. ನಿನ್ನ ಹೆಸರಿನ ಹುಡುಗಿಯ ಬಗ್ಗೆ ಆ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಸುಳ್ಳನ್ನು ಆರಿಸಿಕೊಂಡೆ. ನನ್ನ ಫೋನ್ ತೆಗೆದು ಕಪಾಟಿನಲ್ಲಿಟ್ಟುಕೊಂಡರು — ತಿಂಗಳು ಮುಗಿಯುವವರೆಗೆ ಅದು ಅಲ್ಲಿಯ ನಿಯಮ — ನನಗೆ ಚಾಪೆ ಕೊಟ್ಟರು.

ಆರರ ಹೊತ್ತಿಗೆ ನೀವು ಬಂದಿರಿ. ಸಭಾಂಗಣದ ಕಿಟಕಿಯಿಂದ ಗೇಟು ಕಾಣುತ್ತಿತ್ತು. ನಿನ್ನ ತಲೆಗೂದಲೆಲ್ಲ ದಾರಿಯ ಧೂಳು. ಅಬ್ಬಾನ ಹೆಗಲಿಗೆ ನಿನ್ನ ಚೀಲ.

"ಯಾರ್ರೀ ಒಪ್ಪಲಿಲ್ಲಂತ ಹೇಳಿದವರು?" ಅಬ್ಬಾ ಗೇಟಿನವರನ್ನು ಕೇಳಿದರು. "ಮನಿಯವ ನಾನಽ ಅಲ್ಲೇನ್ರಿ? ನಾನಽ ಕರ್ಕೊಂಡು ಬಂದು ನಿಮ್ಮ ಮುಂದ ನಿಂತೇನಲ್ರಿ."

ಗೇಟಿನವರು, ಸುದ್ದಿ ಬಂದಿತ್ತು, ಜಾಗ ತುಂಬಿದೆ, ಮುಂದಿನ ಸಲ ನೋಡೋಣ ಎಂದರು. ಒಳಗೆ ಗುರುಗಳು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದರು. ನಾನು ಎದ್ದು ಹೋಗಬಹುದಿತ್ತು. ಇಪ್ಪತ್ತು ಹೆಜ್ಜೆ, ಹೆಚ್ಚಿಲ್ಲ. ಕಣ್ಣು ಮುಚ್ಚಿಕೊಂಡೆ.

ತಿಂಗಳ ನಂತರ ಫೋನ್ ಕೈಗೆ ಬಂದಾಗ ನಿನ್ನ ಸಂದೇಶವಿತ್ತು: "ನೀ ಹೇಳೂದರೊಳಗ ಯಾರೋ ತಪ್ಪು ಸುದ್ದಿ ಕೊಟ್ಟಾರ. ಇರಲಿ, ನಿನಗರ ಸಿಕ್ತಲ್ಲ. ಚೆಂದಾಗಿ ಕಲಿ." ನೀನು ಬೈದಿದ್ದರೆ, ಅನುಮಾನಪಟ್ಟಿದ್ದರೆ ಅಂದೇ ಹೇಳಿಬಿಡುತ್ತಿದ್ದೆನೇನೋ... ಇಲ್ಲ, ಇದೂ ಸುಳ್ಳಿರಬಹುದು. ಹೇಳುತ್ತಿರಲಿಲ್ಲ.

ಮುಂದಿನ ಸಲ ಅನ್ನುವುದು ಬರಲೇ ಇಲ್ಲ. ಆ ಶಿಬಿರ ಮತ್ತೆ ನಡೆಯಲಿಲ್ಲ. ನಾನು ಇಂಡಿಯ ಶಾಲೆಯೊಂದರಲ್ಲಿ ಯೋಗ ಶಿಕ್ಷಕಿಯಾದೆ. ನೀನು ಅಬ್ಬಾನ ಜೊತೆ ಹೊಲಿಯಲು ಕುಳಿತೆ. ಆದರೆ ನಾನು ಮಾಡಿದ್ದು ಅಲ್ಲಿಗೇ ನಿಲ್ಲಲಿಲ್ಲ. ನಿನ್ನ ಅಬ್ಬಾ ಅಣ್ಣನ ಮೇಲೆ ಸಂಶಯಪಟ್ಟರು. ಬೇಡವೆಂದವರು ಅವರೊಬ್ಬರೇ ತಾನೆ. ಫೋನ್ ಮಾಡಿ ಕೆಡಿಸಿದ್ದೂ ಅವರೇ ಎಂದುಕೊಂಡರು. ದೊಡ್ಡಪ್ಪ ಅಲ್ಲಾಹನ ಆಣೆ ಮಾಡಿದರೂ ನಂಬಲಿಲ್ಲ. ಒಂದೇ ಅಂಗಳದ ಎರಡು ಮನೆ, ನಡುವೆ ಗೋಡೆ ಎದ್ದಿತು. ಐದು ವರ್ಷ ಮಾತಿಲ್ಲ. ಹಾಗೆಯೇ ನಿನ್ನ ಅಬ್ಬಾ ತೀರಿಕೊಂಡರು.

ಅಂದು ನಾನು ಬಂದಿದ್ದೆ. ನನ್ನ ಕೈ ಹಿಡಿದು, "ದೊಡ್ಡಪ್ಪ ಹಂಗ ಮಾಡಬಾರದಿತ್ತು ಸುನಂದಾ," ಎಂದು ನೀನು ಅತ್ತೆ. ಹೊರಗೆ ಗೋಡೆಯಾಚೆ ಆ ಮುದುಕ ಒಬ್ಬರೇ ನಿಂತಿದ್ದರು, ಒಳಗೆ ಬರುವ ಧೈರ್ಯವಿಲ್ಲದೆ. ನಾನು ನಿನ್ನ ಕೈ ಸವರುತ್ತ ಸುಮ್ಮನೆ ಕುಳಿತೆ. ಮೊದಲ ಸಲ ಒಂದು ಮಾತಿನಿಂದ ಮಾಡಿದ್ದೆ. ಎರಡನೆಯ ಸಲ ಸುಮ್ಮನಿದ್ದು.

ಹೋದ ರವಿವಾರ ಮೋರಟಗಿಗೆ ಬಂದಿದ್ದೆ, ನಿನಗೆ ತಿಳಿಸದೆ. ದೊಡ್ಡಪ್ಪನಿಗೆ ಎಲ್ಲ ಹೇಳಿದೆ.

"ಅವ ಇದ್ದಾಗ ಬರಬೇಕಿತ್ತವ್ವ," ಎಂದರು. ಆಮೇಲೆ, "ಶಹನಾಜಗ ಹೇಳೀಯೇನು?"

"ಇನ್ನೂ ಇಲ್ರಿ."

"ನಾ ಹೇಳಂಗಿಲ್ಲ. ನೀನಽ ಹೇಳು."

ಅದಕ್ಕೇ ಇದನ್ನು ಬರೆದೆ. ಬಾಯಿಂದ ಹೇಳಹೊರಟರೆ ನಡುವೆ ಎಲ್ಲಿಯೋ ನನಗೆ ಬೇಕಾದಂತೆ ತಿರುಗಿಸಿಬಿಡುತ್ತೇನೆಂಬ ಹೆದರಿಕೆ. ಟಪಾಲಿಗೆ ಹಾಕುವುದಿಲ್ಲ. ನಾಳೆ ನಾನೇ ತಂದುಕೊಡುತ್ತೇನೆ, ನೀನು ಓದಿ ಮುಗಿಸುವವರೆಗೆ ನಿನ್ನೆದುರಿಗೇ ಕುಳಿತಿರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ ಶಹನಾಜ್. ನಿನ್ನದನ್ನು ನೀನು ಕ್ಷಮಿಸಿದರೂ — ಅಬ್ಬಾನ ಪಾಲಿನ ಕ್ಷಮೆಯನ್ನು ನೀನು ಹೇಗೆ ಕೊಡಬಲ್ಲೆ?