ಡಾನ್ ಫರ್ಮಿನ್ ಅವರ ಸ್ವಾತಂತ್ರ್ಯ

ನಮ್ಮ ಮೊಂಪೊಕ್ಸ್ ಊರಿನ ದೇಶಭಕ್ತ ಧಣಿ ಡಾನ್ ಫರ್ಮಿನ್ ಬಾಯಿ ತೆರೆದರೆ, "ಕಡಲಾಚೆಯ ದೊರೆಯ ಸಂಕೋಲೆ ಕಡಿದವರು ಕಣ್ರಯ್ಯಾ ನಾವು!" ಎಂದೇ ಶುರು. ಕ್ಷೌರಕ್ಕೆ ಕೂತಾಗಲೂ ಎದೆಯ ಮೇಲಿನ ಯುದ್ಧದ ಪದಕ ತೆಗೆಯುವುದಿಲ್ಲ. ಗಿಣಿಗೂ "ಗಣರಾಜ್ಯಕ್ಕೆ ಜಯ" ಕಲಿಸಿದ್ದಾರೆ. ಈ ಸಲದ ಸ್ವಾತಂತ್ರ್ಯ ದಿನ ಅವರ ಮನೆಯಂಗಳದ ತುಂಬ ನಾವು ಅತಿಥಿಗಳಿದ್ದೆವು. ಡಾನ್ ಫರ್ಮಿನ್ ತಾವು ನದಿ ದಾಟಿ ಕಾದಾಡಿದ ಕಥೆ ಹೇಳುತ್ತಿರುವಾಗ, ಅವರ ಅಡುಗೆಮನೆಯ ಗುಲಾಮ ಹೆಂಗಸು ಪೆತ್ರೋನಾ ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಬಂದಳು. "ಧಣೀ, ನಿಮ್ಮ ಬದ್ಲು ಯುದ್ಧಕ್ಕೆ ಹೋಗಿ ಸತ್ತಿದ್ದು ನನ್ನ ಮಗ ಬ್ಲಾಸ್. ಆ ಪದಕ ಅವನ್ದು. ಅವನು ಹೋದ್ರೆ ನನ್ನ ಗುಲಾಮಗಿರಿಯಿಂದ ಬಿಟ್ಬಿಡ್ತೀನಿ ಅಂದಿದ್ರಲ್ಲ?" "ಹಬ್ಬದ ದಿನ ಇದೇನೇ ನಿನ್ನ ರಗಳೆ? ಒಳಗೆ ನಡಿ!" ಎಂದು ಗದರಿಸಿದ ಧಣಿ, ಕಥೆಯನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದರು. ನಾಚಿಕೆಗೆಟ್ಟ ನಾವು ಚಪ್ಪಾಳೆ ತಟ್ಟಿ ಊಟಕ್ಕೆ ಕೂತೆವು. ಬಡಿಸಿದವಳು ಪೆತ್ರೋನಾ.